ಕಾಯಂ ಹೊಲಿಗೆ

ನನ್ನ ಅತ್ತಿಗೆಯ ಅಂಗಡಿಗೆ ಬೋರ್ಡಿಲ್ಲ. ಬರೆಸಿದ ಬೋರ್ಡುಗಳನ್ನೆಲ್ಲ ಅವಳು ಒಂದೊಂದು ಊರಿನಲ್ಲಿ ಬಿಟ್ಟು ಬಂದಿದ್ದಾಳೆ. ಮದುವೆಯಾದ ಹೊಸತರಲ್ಲಿ ಅಣ್ಣನಿಗೆ ವರ್ಗವಾದಾಗಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಅವನ ಹಿಂದೆ ಹೊರಡುವುದು, ಹೋದಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಮಿಷನ್ನು ಇಡುವುದು, ಬಾಗಿಲ ಮೇಲೆ ಬೋರ್ಡು ಬರೆಸುವುದು. ಗಿರಾಕಿಗಳು ಮುಖದ ಗುರುತು ಹಿಡಿಯುವಷ್ಟರಲ್ಲಿ ಮತ್ತೆ ವರ್ಗ. ಬೋರ್ಡಿನ ಬಣ್ಣ ಒಣಗಲಿ ಎಂದೇ ಈ ಮಿಲಿಟರಿಯವರು ಕಾಯುತ್ತಿರುತ್ತಾರೆ ಎಂದು ಅವಳು ನಗುತ್ತಿದ್ದಳು. ಆಮೇಲೆ ಬೋರ್ಡು ಬರೆಸುವುದನ್ನು ಬಿಟ್ಟಳು. ಮಗಳು ಶಾಲೆಗೆ ಸೇರಿದ ಮೇಲೆ ಗಂಡನ ಹಿಂದೆ ಹೋಗುವುದನ್ನೂ ಬಿಟ್ಟು ಈ ಊರಿನಲ್ಲೇ ನಿಂತಳು. ಅಣ್ಣ ರಜೆಗೆ ಬಂದು ಹೋಗುವವನಾದ.

ಗಂಡ ಮಿಲಿಟರಿಯಲ್ಲಿದ್ದಾನೆ ಎಂದರೆ ಜನ ಅವಳನ್ನು ಎರಡು ಥರ ನೋಡುತ್ತಾರೆ. ಕೆಲವರಿಗೆ ಅಯ್ಯೋ ಪಾಪ, ಕೆಲವರಿಗೆ ಭಲೇ ಭಲೇ. ಅಯ್ಯೋ ಪಾಪ ಎಂದವರೇ ಕೊಟ್ಟ ಬಟ್ಟೆ ಒಂದು ದಿನ ತಡವಾದರೆ ಅಂಗಡಿಯ ಮುಂದೆ ನಿಂತು ರಂಪ ಮಾಡುತ್ತಾರೆ. ಭಲೇ ಎಂದವರು ಕೊನೆಗೆ ಚೌಕಾಸಿಗೆ ಇಳಿಯುತ್ತಾರೆ. ಇಬ್ಬರಿಗೂ ನನ್ನದೊಂದು ದೊಡ್ಡ ನಮಸ್ಕಾರ. ನಾನು ಅದೇ ಅಂಗಡಿಯಲ್ಲಿ ಎರಡನೆಯ ಮಿಷನ್ನಿಗೆ ಕೂರುವವಳು, ಅಣ್ಣನ ಒಡಹುಟ್ಟಿದ ತಂಗಿ, ಗಂಡನ ಮನೆಯಿಂದ ವಾಪಸು ಬಂದವಳು. ಯಾಕೆ ಬಂದೆ ಎಂಬುದು ಇಲ್ಲಿ ಬೇಕಿಲ್ಲ. ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತ ದಿನ ಅತ್ತಿಗೆಯೂ ಅದನ್ನು ಕೇಳಲಿಲ್ಲ. ಗುಂಡಿಯ ಕಾಜಾ ಹೊಲಿಯಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ. ಕಿಟಕಿಯ ಪಕ್ಕದ ಮಿಷನ್ನಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಬದಿಗಿಟ್ಟು ಕೂರಲು ಹೇಳಿದಳು. ಹಾಗಾಗಿ ನಾನು ಹೇಳುವ ಮಾತು ರಕ್ತ ಹಂಚಿಕೊಂಡ ಅಣ್ಣನಿಗಿಂತ ಅವಳ ಕಡೆಗೇ ತುಸು ವಾಲಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅಂಗಡಿ ಇರುವುದು ಮಿಲಿಟರಿ ಕ್ಯಾಂಪಿನ ಹಿಂಬದಿಯ ಗೋಡೆಗೆ ಎದುರಾದ ಬೀದಿಯಲ್ಲಿ. ಒಂದು ಪಕ್ಕಕ್ಕೆ ಸೈಕಲ್ ರಿಪೇರಿ, ಇನ್ನೊಂದು ಪಕ್ಕಕ್ಕೆ ಬಹಳ ದಿನ ಖಾಲಿ ಬಿದ್ದಿದ್ದ ಒಂದು ಕೋಣೆ. ಒಳಗೆ ಎದುರುಬದುರಾಗಿ ಎರಡು ಮಿಷನ್ನು, ಇಸ್ತ್ರಿಯ ಮೇಜು, ಗೋಡೆಯುದ್ದಕ್ಕೂ ಹಗ್ಗಕ್ಕೆ ತೂಗುಹಾಕಿದ ಬಟ್ಟೆ. ಬೇಸಿಗೆಯಲ್ಲಿ ಇಸ್ತ್ರಿಯ ಬಿಸಿಯೂ ಸೇರಿ ತಲೆ ಸಿಡಿಯುತ್ತದೆ. ಮೇಲಿನ ಎರಡು ಕೋಣೆಯೇ ಮನೆ. ಮೆಟ್ಟಿಲ ಮೇಲೆ ಕೂತು ಮಗಳು ಹೋಮ್‌ವರ್ಕ್ ಮಾಡುತ್ತಾಳೆ. ಅವಳನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ, ಸುಮ್ಮನಿರುವುದು ಅವಳ ಜಾತಕದಲ್ಲೇ ಬರೆದಿಲ್ಲ.

ನಮ್ಮ ಕೆಲಸದಲ್ಲಿ ಅರ್ಧ ಕ್ಯಾಂಪಿನದು. ಅಲ್ಲಿನ ಸ್ಟೋರಿನಿಂದ ಅಂಗಿಗಳು ಮೂಟೆಗಟ್ಟಿ ಬರುತ್ತವೆ, ನಾವು ಅವುಗಳ ತೋಳಿಗೆ ಬ್ಯಾಡ್ಜು ಹೊಲಿದು ಕೊಡುತ್ತೇವೆ. ಬ್ಯಾಡ್ಜು ಎಂದರೆ ಅಂಗೈ ಅಗಲದ ಬಟ್ಟೆಯ ತುಂಡು, ತೊಟ್ಟವನು ಯಾವ ತುಕಡಿಯವನು ಎಂದು ಹೇಳುವ ಗುರುತು. ನೋಡುವವರಿಗೆ ಎಲ್ಲ ಒಂದೇ ಹೊಲಿಗೆ. ಆದರೆ ಈ ಕೆಲಸದಲ್ಲಿ ಎರಡು ಬಗೆಯಿದೆ. ನಾಲ್ಕಾರು ತಿಂಗಳ ಮಟ್ಟಿಗೆ ಬೇರೆ ತುಕಡಿಗೆ ಹೋಗಿ ಬರುವವನ ಅಂಗಿಗೆ ಬಿಚ್ಚೋ ಹೊಲಿಗೆ. ಸೂಜಿ ಉದ್ದುದ್ದ ಹೆಜ್ಜೆ ಹಾಕಬೇಕು, ಒಂದೇ ಸುತ್ತು, ಆಮೇಲೆ ದಾರದ ತುದಿ ಹಿಡಿದು ಎಳೆದರೆ ಪಟಪಟನೆ ಬಿಚ್ಚಿಕೊಳ್ಳಬೇಕು, ಬಟ್ಟೆಯ ಮೇಲೆ ಗುರುತು ಉಳಿಯಬಾರದು. ದೂರದ ಗಡಿಯ ತುಕಡಿಗೆ ವರ್ಷಗಟ್ಟಲೆಗೆಂದು ಹೋಗುವವನ ಅಂಗಿಗೆ ಕಾಯಂ ಹೊಲಿಗೆ. ಸಣ್ಣ ಹೆಜ್ಜೆ, ಎರಡು ಸುತ್ತು, ನಾಲ್ಕು ಮೂಲೆಗೂ ಬಿಗಿ. ಅಂಗಿ ಹರಿದರೂ ಬ್ಯಾಡ್ಜು ಅಲುಗುವುದಿಲ್ಲ. ಆ ಗಡಿಗೆ ಯಾರನ್ನೂ ಬಲವಂತದಿಂದ ಕಳಿಸುವುದಿಲ್ಲ. ಹೋಗುವವರು ತಾವಾಗಿಯೇ ಹೆಸರು ಕೊಡಬೇಕು.

ಕಾಯಂ ಮೂಟೆ ನಮಗೆ ಬರುತ್ತಿರಲಿಲ್ಲ. ಅದನ್ನು ಕ್ಯಾಂಪಿನ ಒಳಗೇ ಕೂರುವ ಹಳೆಯ ಟೈಲರ್ ನೋಡಿಕೊಳ್ಳುತ್ತಿದ್ದ. ಎಲ್ಲರೂ ಅವನನ್ನು ತಾತ ಎನ್ನುವುದು. ನಮ್ಮ ಪಾಲಿಗೆ ಬಿಚ್ಚೋ ಮೂಟೆ ಮಾತ್ರ. ಮೂಟೆ ಹೊರಗೆ ಬರುವ ಮೊದಲು ಅಂಗಿಗಳ ಮೇಲಿನ ಹೆಸರಿನ ಪಟ್ಟಿ ತೆಗೆದಿರುತ್ತಾರೆ, ಯಾರು ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಬೀದಿಯ ಬಾಯಿಗೆ ಬೀಳಬಾರದೆಂದು. ಆದರೂ ಸುತ್ತಮುತ್ತಲಿನ ಮಿಲಿಟರಿ ಮನೆಗಳ ಹೆಂಗಸರು ಗುಂಡಿ ಹಾಕಿಸುವ ನೆಪದಲ್ಲಿ ಬಂದು ಮೂಟೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಯಾವ ಬ್ಯಾಡ್ಜು ಬಂದಿದೆ ಅಕ್ಕಾ, ನಮ್ಮವರ ಕಡೆಯದು ಏನಾದರೂ ಗೊತ್ತಾ ಎಂದು ಕೇಳುತ್ತಿದ್ದರು. ಅತ್ತಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಬಟ್ಟೆ ಕೊಟ್ಟವರ ವಿಷಯ ಬಟ್ಟೆಯ ಜೊತೆಯೇ ಹೊರಗೆ ಹೋಗಬೇಕು ಎನ್ನುವುದು ಅವಳ ಕಟ್ಟುನಿಟ್ಟು.

ಅದರಿಂದ ಒಮ್ಮೆ ಬೈಸಿಕೊಂಡದ್ದೂ ಆಗಿತ್ತು. ಹಿಂದಿನ ಬೀದಿಯ ಮಿಲಿಟರಿ ಡ್ರೈವರ್ ತಾನೇ ಬಂದು ಅಂಗಿಗೆ ಬ್ಯಾಡ್ಜು ಹೊಲಿಸಿಕೊಂಡು, ಮನೆಯಲ್ಲಿ ತಾನೇ ಹೇಳುತ್ತೇನೆ, ನೀವು ಹೇಳಬೇಡಿ ಎಂದು ಕೇಳಿಕೊಂಡು ಹೋದ. ಪುಣ್ಯಾತ್ಮ ಹೊರಡುವ ದಿನದವರೆಗೂ ಹೇಳಲಿಲ್ಲ. ಅವನ ಹೆಂಡತಿ ನೇರವಾಗಿ ನಮ್ಮ ಅಂಗಡಿಗೆ ಬಂದು, ನಿನಗೆ ಗೊತ್ತಿತ್ತು, ದಿನಾ ನನ್ನ ಮುಖ ನೋಡಿ ನಕ್ಕೆ, ಹೇಳಲಿಲ್ಲ ಎಂದು ಬೀದಿಯವರೆಲ್ಲ ಕೇಳುವ ಹಾಗೆ ಕೂಗಾಡಿದಳು. ಅತ್ತಿಗೆ ತಲೆ ತಗ್ಗಿಸಿ ಕೇಳಿಸಿಕೊಂಡಳು. ಡ್ರೈವರ್ ಆಮೇಲೆ ಸುಖವಾಗಿಯೇ ವಾಪಸು ಬಂದ. ಹೆಂಡತಿ ಮಾತ್ರ ಈಗಲೂ ನಮ್ಮ ಅಂಗಡಿ ಬಂದರೆ ಎದುರಿನ ಬದಿಗೆ ದಾಟಿ ನಡೆಯುತ್ತಾಳೆ.

ಇನ್ನು ಅಣ್ಣನ ವಿಷಯ. ಅವನು ಒಳ್ಳೆಯವನೇ. ಒಳ್ಳೆಯವರ ಜೊತೆ ಬಾಳುವುದು ಸುಲಭ ಎಂದು ಯಾರೂ ತಿಳಿಯಬಾರದು ಅಷ್ಟೇ. ಕಳೆದ ವರ್ಷದ ರಜೆಯಲ್ಲಿ ಬಂದಾಗ ಅಂಗಡಿಯಲ್ಲೇ ಕೂರುತ್ತಿದ್ದ. ಸ್ಟೂಲಿನ ಮೇಲೆ ಕೂತರೆ ಅದು ಗಿರಾಕಿಯ ಸ್ಟೂಲು, ಏಳಬೇಕು. ಇಸ್ತ್ರಿಯ ಮೇಜಿಗೆ ಒರಗಿದರೆ ನನಗೆ ಅಡ್ಡ. ಬಾಗಿಲಲ್ಲಿ ನಿಂತರೆ ಬೆಳಕಿಗೆ ಅಡ್ಡ. ಚಹಾ ಮಾಡುತ್ತೇನೆಂದು ಮೇಲೆ ಹೋಗಿ ಸಕ್ಕರೆ ಎಲ್ಲಿದೆ, ಬೆಂಕಿಪೊಟ್ಟಣ ಎಲ್ಲಿದೆ ಎಂದು ಮೆಟ್ಟಿಲ ಮೇಲಿಂದ ಕೂಗುತ್ತಿದ್ದ. ಹೊಸ ಗಿರಾಕಿಯೊಬ್ಬಳು ಇವರು ಯಾರು ಎಂದು ನನ್ನನ್ನೇ ಕೇಳಿದಳು. ಟೈಲರಮ್ಮನ ಯಜಮಾನರು ಎಂದೆ. ಓಹ್, ಇದ್ದಾರಾ ಎಂದಳು. ಅಣ್ಣ ನಕ್ಕ. ಅದೇ ರಜೆಯಲ್ಲಿ ಒಂದು ದಿನ ಗುಬ್ಬಿ ಗೆಳತಿಯ ಮನೆಗೆ ಹೋಗಲೇ ಎಂದು ಅವನನ್ನು ಕೇಳಿದಳು, ಅವನು ಹೂಂ ಎಂದ. ಅವಳು ನೇರ ಕೆಳಗಿಳಿದು ಅಮ್ಮನ ಮುಂದೆ ನಿಂತಳು. ಅಪ್ಪ ಹೂಂ ಅಂದರು, ಹೋಗಬಹುದಾ ಎಂದು ಕೇಳಿದಳು. ಮಗುವಿನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅಣ್ಣನ ಮುಖ ಮಾತ್ರ ನಾನು ನೋಡಿದೆ. ಆಗಲೂ ಅವನು ನಕ್ಕ.

ಹೊರಡುವ ಮೊದಲು ಅವನು ಅತ್ತಿಗೆಗೆ ಮಾತು ಕೊಟ್ಟ. ಈ ಅವಧಿ ಮುಗಿದರೆ ಪಿಂಚಣಿ ಸಿಗುತ್ತದೆ, ಮುಂದಿನ ವರ್ಷ ಬಿಟ್ಟು ಬಂದುಬಿಡುತ್ತೇನೆ, ಇನ್ನು ಸಾಕು ಎಂದ. ನನ್ನ ಎದುರೇ ಹೇಳಿದ, ಗುಬ್ಬಿಯ ತಲೆ ಮೇಲೆ ಕೈಯಿಟ್ಟು ಹೇಳಿದ. ಅತ್ತಿಗೆ ಆ ಮಾತನ್ನು ನಂಬಿ ಕೆಲಸಕ್ಕೆ ಇಳಿದಳು. ಊರಿನ ದೊಡ್ಡ ಶಾಲೆಯವರು ಮಕ್ಕಳ ಸಮವಸ್ತ್ರ ಪೂರ್ತಿ ನೀವೇ ಹೊಲಿದುಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದರು. ಇಬ್ಬರು ಹೆಂಗಸರಿಂದ ಆಗದ ಕೆಲಸವೆಂದು ಅವಳು ಜಾರಿಕೊಳ್ಳುತ್ತಿದ್ದಳು. ಈ ಸಲ ಒಪ್ಪಿಕೊಂಡಳು. ಪಕ್ಕದ ಖಾಲಿ ಕೋಣೆ ಬಾಡಿಗೆಗೆ ಹಿಡಿದು, ನಡುವಿನ ಗೋಡೆ ಒಡೆಸಿ ಬಾಗಿಲು ಮಾಡಿಸಿದಳು. ಬಟ್ಟೆ ಕತ್ತರಿಸಲು ದೊಡ್ಡ ಮೇಜು ಮಾಡಿಸಿದಳು. ಎಷ್ಟು ಎತ್ತರ ಎಂದು ಬಡಗಿ ಕೇಳಿದರೆ ತನ್ನ ಎದೆಯ ಹತ್ತಿರ ಕೈ ಹಿಡಿದು ತೋರಿಸಿದಳು. ಅಣ್ಣ ಎತ್ತರದ ಆಳು, ಬಗ್ಗಿ ಕತ್ತರಿಸಿ ಅವನಿಗೆ ಬೆನ್ನು ನೋವು ಬರಬಾರದಂತೆ. ಅವನು ಬರುವತನಕ ಆ ಮೇಜಿನಲ್ಲಿ ನಾನು ಮಣೆಯ ಮೇಲೆ ನಿಂತು ಕತ್ತರಿಸಬೇಕಾಯಿತು. ಗಂಡನ ಮೇಲಿನ ಪ್ರೀತಿಗೆ ನಾದಿನಿಯ ಕಾಲು ಬಲಿ ಎಂದು ನಾನು ಗೊಣಗಿದರೆ, ಇನ್ನೊಂದು ವರ್ಷ ಕಣೇ, ಸಹಿಸಿಕೋ ಎನ್ನುತ್ತಿದ್ದಳು.

ಅಣ್ಣ ಬರಲು ಇನ್ನೇನು ಕೆಲವು ತಿಂಗಳು ಉಳಿದಿರುವಾಗ ಸ್ಟೋರಿನವನು ಒಂದು ಮಧ್ಯಾಹ್ನ ಮೂಟೆ ತಂದು ಹಾಕಿದ. ಮಾತಿನಲ್ಲಿ ಎತ್ತಿದ ಕೈ ಅವನು. ತಾತನಿಗೆ ಕಣ್ಣಿನ ಆಪರೇಷನ್ ಆಗಿದೆ, ಈ ಸಲ ಕಾಯಂ ಮೂಟೆ ನಿಮ್ಮ ಪಾಲಿಗೆ, ಬೇರೆ ಬೇರೆ ಕ್ಯಾಂಪುಗಳಿಂದ ಒಟ್ಟುಮಾಡಿದ್ದು, ಗಡಿಗೆ ಹೋಗುವವರದು, ಹುಷಾರಾಗಿ ಹೊಲಿಯಿರಿ ಎಂದು ಹೇಳಿ, ಒಂದು ಲೋಟ ನೀರು ಕುಡಿದು ಹೋದ. ಅತ್ತಿಗೆ ಮೂಟೆ ಬಿಚ್ಚಿ ಅಂಗಿಗಳನ್ನು ಮಡಿಲ ಪಕ್ಕಕ್ಕೆ ಜೋಡಿಸಿಕೊಂಡು ಶುರುಮಾಡಿದಳು. ನಾನು ಶಾಲೆಯ ಮಕ್ಕಳ ಪ್ಯಾಂಟಿಗೆ ಜೇಬು ಕೂರಿಸುತ್ತಿದ್ದೆ. ಒಂದಿಷ್ಟು ಹೊತ್ತಿನ ಮೇಲೆ ಎದುರಿನ ಮಿಷನ್ನಿನ ಸದ್ದು ನಿಂತದ್ದು ಗೊತ್ತಾಯಿತು. ಬಾಬಿನ್ನಿನ ದಾರ ಮುಗಿದಿರಬೇಕೆಂದುಕೊಂಡೆ. ತಲೆ ಎತ್ತಿದರೆ ಅವಳು ಒಂದು ಅಂಗಿಯ ಎರಡು ತೋಳುಗಳನ್ನೂ ಜೋಡಿಸಿ ಹಿಡಿದು ನೋಡುತ್ತಿದ್ದಳು.

ಅಣ್ಣನ ಎಡಗೈ ಚಿಕ್ಕಂದಿನಲ್ಲಿ ಮುರಿದು ಕೂಡಿಕೊಂಡದ್ದು, ಬಲಗೈಗಿಂತ ಒಂದು ಬೆರಳಗಲ ಗಿಡ್ಡ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮದುವೆಯಾದ ಮೇಲೆ ಅವನ ಎಲ್ಲ ಅಂಗಿಗಳ ಎಡತೋಳನ್ನೂ ಅತ್ತಿಗೆಯೇ ಬಿಚ್ಚಿ ಒಂದು ಬೆರಳು ಒಳಗೆ ತೆಗೆದು ಹೊಲಿಯುತ್ತಿದ್ದಳು. ನಾನು ಎದ್ದು ಹೋಗಿ ನೋಡಿದೆ. ಎಷ್ಟೋ ಜನರ ಕೈ ಹಾಗಿರುತ್ತದೆ ಎಂದೆ. ಅವಳು ತೋಳಿನ ತುದಿಯನ್ನು ಒಳಗಿನಿಂದ ತಿರುವಿ ತೋರಿಸಿದಳು. ಅವಳದೇ ಹೊಲಿಗೆ. ಹಸಿರು ದಾರ ಮುಗಿದು ಕೊನೆಯ ನಾಲ್ಕು ಬೆರಳು ಬೂದು ದಾರದಲ್ಲಿ ಮುಗಿಸಿದ್ದು, ಅವನ ರಜೆಯ ಕೊನೆಯ ದಿನ, ಅವಸರದಲ್ಲಿ. ಆ ದಾರವನ್ನು ಸೂಜಿಗೆ ಪೋಣಿಸಿ ಕೊಟ್ಟವಳು ನಾನೇ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಿಟ್ಟು ಬರುತ್ತೇನೆ ಎಂದು ಮಗಳ ತಲೆ ಮುಟ್ಟಿ ಹೇಳಿದವನು ತಾನಾಗಿಯೇ ಹೆಸರು ಕೊಟ್ಟಿದ್ದಾನೆ, ಅದೂ ವರ್ಷಗಟ್ಟಲೆಗೆ, ಅದೂ ಗಡಿಗೆ. ಈ ಕೆಲಸ ತಾತನ ಕೈಗೆ ಹೋಗುತ್ತದೆ, ಹೆಂಡತಿಗೆ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದಾನೆ. ಆ ಅಂಗಿಯನ್ನು ಮುದ್ದೆ ಮಾಡಿ ಚರಂಡಿಗೆ ಎಸೆಯಬೇಕು ಎನಿಸಿತು. ಹೊಲಿಯಬೇಡ, ಹಾಗೇ ವಾಪಸು ಕಳಿಸು, ಅವನಿಗೇ ಅರ್ಥವಾಗುತ್ತದೆ ಎಂದೆ.

"ಬೇರೆಯವರ ಗಂಡಂದಿರದ್ದು ಹೊಲಿದಿಲ್ವಾ?" ಎಂದಳು ಅತ್ತಿಗೆ.

ಅಂಗಿಯನ್ನು ಮಿಷನ್ನಿನ ಕೆಳಗಿಟ್ಟು ಬ್ಯಾಡ್ಜು ಹೊಲಿದಳು. ಸಣ್ಣ ಹೆಜ್ಜೆ, ಎರಡು ಸುತ್ತು, ನಾಲ್ಕು ಮೂಲೆಗೂ ಬಿಗಿ. ಉಳಿದವುಗಳಿಗೆ ಹೊಲಿದ ಹಾಗೆಯೇ ಹೊಲಿದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಡಿಸಿ ಗುಂಪಿಗೆ ಸೇರಿಸಿದಳು. ಸ್ಟೋರಿನವನು ಬಂದು ತೆಗೆದುಕೊಂಡು ಹೋದ.

ಆಮೇಲೆ ಅಣ್ಣನ ಫೋನು ಬಂದಾಗಲೆಲ್ಲ ನಾನು ಕಿವಿ ನೆಟ್ಟಗೆ ಮಾಡಿ ಕೂರುತ್ತಿದ್ದೆ. ಅವನು ಗುಬ್ಬಿಯ ಪರೀಕ್ಷೆ ಕೇಳುತ್ತಿದ್ದ, ಶಾಲೆಯ ಸಮವಸ್ತ್ರ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ. ಯಾವಾಗ ಬಿಟ್ಟು ಬರುತ್ತೀರಿ ಎಂದು ಅತ್ತಿಗೆ ಕೇಳಿದರೆ ನೋಡೋಣ, ಕಾಗದಪತ್ರ ಆಗಬೇಕು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಕೇಳು, ಬಾಯಿ ಬಿಟ್ಟು ಕೇಳು ಎಂದು ನಾನು ಅವಳ ಬೆನ್ನು ಹತ್ತಿದೆ. ಅವರಾಗಿ ಹೇಳಲಿ ಎನ್ನುವುದೊಂದೇ ಅವಳ ಉತ್ತರ. ಬೇರೆಯವರ ಗುಟ್ಟು ಕಾಯ್ದು ಕಾಯ್ದು ಈ ಹೆಂಗಸಿಗೆ ತನ್ನದನ್ನು ಕೇಳಲೂ ಬಾಯಿ ಹೋಗಿದೆ ಎಂದುಕೊಂಡೆ. ಅವಳೊಳಗೆ ಬೇರೆಯದೇ ನಡೆದಿತ್ತು, ಅದು ಆಗ ನನಗೆ ಗೊತ್ತಿರಲಿಲ್ಲ.

ಅಣ್ಣ ಬಂದ. ಬಿಟ್ಟು ಬಂದದ್ದಲ್ಲ, ರಜೆಗೆ ಬಂದದ್ದು. ಬಂದವನೇ ಹೊಸ ಕೋಣೆ ನೋಡಿದ, ಮೇಜಿನ ಮೇಲೆ ಅಂಗೈ ಆಡಿಸಿದ, ಇದು ಯಾರ ಅಳತೆಗೆ ಎಂದು ಕೇಳಿದ. ನಿಮ್ಮದೇ ಎಂದಳು ಅತ್ತಿಗೆ. ಅವನು ಆ ಕಡೆ ತಿರುಗಿ ಕಿಟಕಿಯ ಚಿಲಕ ಸರಿಪಡಿಸಲು ಶುರುಮಾಡಿದ. ಚಿಲಕಕ್ಕೆ ಏನೂ ಆಗಿರಲಿಲ್ಲ.

ಆ ಸಲ ಅವನು ಸುಮ್ಮನೆ ಕೂರಲಿಲ್ಲ. ಬೆಳಗ್ಗೆ ನಾವು ಇಳಿಯುವ ಮೊದಲೇ ಅಂಗಡಿ ಗುಡಿಸಿರುತ್ತಿದ್ದ. ಇಸ್ತ್ರಿಗೆ ನಿಂತರೆ ಶಾಲೆಯ ಅಂಗಿಗಳು ಅಲುಗದಂತೆ ಒಂದರ ಮೇಲೊಂದು ಸಾಲಾಗಿ ಕೂರುತ್ತಿದ್ದವು. ಮಿಲಿಟರಿಯವರು ಇಸ್ತ್ರಿಯಲ್ಲಿ ಪಳಗಿದವರು ತಾನೇ. ಬಟ್ಟೆ ಕತ್ತರಿಸುವುದನ್ನೂ ಕಲಿತ, ನಾನು ಮಣೆಯಿಂದ ಇಳಿದೆ. ಗುಬ್ಬಿ ಅವನ ಕಾಲ ಬಳಿ ಕೂತು ಚೂರುಬಟ್ಟೆ ಆರಿಸುತ್ತಿದ್ದಳು. ಅಪ್ಪ ಇನ್ನು ಇಲ್ಲೇ ಇರುತ್ತಾರೆ ಎಂದು ಶಾಲೆಯಲ್ಲೆಲ್ಲ ಸಾರಿಕೊಂಡು ಬಂದಿದ್ದಳು. ನೋಡಿದವರು ಸುಖದ ಸಂಸಾರ ಎನ್ನಬೇಕು. ನನಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. ಒಬ್ಬ ಹೇಳಬೇಕು, ಹೇಳುತ್ತಿಲ್ಲ. ಒಬ್ಬಳು ಕೇಳಬೇಕು, ಕೇಳುತ್ತಿಲ್ಲ. ಇಬ್ಬರೂ ಒಂದೇ ಬಟ್ಟೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದಾರೆ.

ಹೀಗೆ ಒಂದು ವಾರದ ಮೇಲಾಯಿತು. ಒಂದು ಮಧ್ಯಾಹ್ನ ಗುಬ್ಬಿ ಶಾಲೆಯಲ್ಲಿದ್ದಳು, ಗಿರಾಕಿಗಳಿರಲಿಲ್ಲ. ಅಣ್ಣ ಮೇಜಿನ ಹತ್ತಿರ ನಿಂತು ಕತ್ತರಿಸುತ್ತಿದ್ದ. ಅತ್ತಿಗೆ ಮಿಷನ್ನಿನಿಂದ ಏಳದೆಯೇ ಹೇಳಿದಳು.

"ನಿಮ್ಮ ಅಂಗಿ ನನ್ನ ಕೈಗೆ ಬಂದಿತ್ತು. ಕಾಯಂ ಮೂಟೇಲಿ."

ಅಣ್ಣ ಕತ್ತರಿಯನ್ನು ಬಟ್ಟೆಯ ಮೇಲೆ ಇಟ್ಟ. "ಅದು ತಾತನ ಹತ್ರ ಹೋಗಬೇಕಿತ್ತಲ್ಲ," ಎಂದ.

ನೋಡಿ, ಅವನ ಬಾಯಿಂದ ಮೊದಲು ಬಂದ ಮಾತು ಅದು. ನಾನು ಎದ್ದು ಹೊರಗೆ ಹೋಗಬೇಕಿತ್ತು, ಗಂಡ ಹೆಂಡತಿಯ ನಡುವೆ ಮೂಗು ತೂರಿಸಬಾರದು. ಆದರೆ ಇಷ್ಟು ದಿನ ಆ ಮಾತನ್ನು ಹೊಟ್ಟೆಯಲ್ಲಿ ಹೊತ್ತವಳು ನಾನೂ ಹೌದು. ಕೂತೇ ಇದ್ದೆ.

ಅವನು ಬಟ್ಟೆಯ ಅಂಚು ಸರಿಮಾಡುತ್ತ ಹೇಳಿದ. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ಪ್ರತಿ ಫೋನಿನಲ್ಲೂ ಹೇಳಬೇಕೆಂದು ಶುರುಮಾಡಿ ನಿಲ್ಲಿಸಿದೆ, ಈಗಲೂ ದಿನಾ ಬೆಳಗ್ಗೆ ಇವತ್ತು ಹೇಳೋಣ ಎಂದುಕೊಂಡೇ ಗುಡಿಸುತ್ತೇನೆ ಎಂದ. ಕಳೆದ ರಜೆಯಿಂದ ವಾಪಸು ಹೋದ ಮೇಲೆ ಹೆಸರು ಕೊಟ್ಟನಂತೆ.

"ಅಲ್ಲಿ ಬೆಳಗ್ಗೆ ಎದ್ರೆ ನಾನು ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತೆ. ಇಲ್ಲಿ ಕೂತ ಕಡೆಯಿಂದೆಲ್ಲ ಏಳಬೇಕು. ನೀನು ನಾನಿಲ್ದೇನೇ ಎಲ್ಲಾ ನಡೆಸಿಕೊಂಡು ಬಂದಿದೀಯ. ನಾನು ಹೂಂ ಅಂದ ಮೇಲೂ ಮಗಳು ನಿನ್ನನ್ನ ಕೇಳ್ತಾಳೆ. ನಾನು ಬಿಟ್ಟು ಬಂದು ಏನಾಗಲಿ? ಭಯ ಆಯ್ತು ನಂಗೆ."

ಗಡಿಗೆ ಹೋಗಲು ಹೆದರದವನು ಮನೆಗೆ ಬರಲು ಹೆದರಿದ್ದ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಅತ್ತಿಗೆ ಈಗ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ನಾನು ಕಾದೆ. ಎರಡೂ ಆಗಲಿಲ್ಲ. ಅವಳು ಎದ್ದು ಹೋಗಿ ಮೇಜಿನ ಈಚೆ ಬದಿಯಲ್ಲಿ ನಿಂತಳು. ಆ ಮೇಜು ಅವಳ ಎದೆಗೆ ಬರುತ್ತಿತ್ತು.

"ನಾನೊಂದು ಹೇಳ್ತೀನಿ, ಕೇಳಿ. ಆ ಅಂಗಿ ನಿಮ್ಮದೇ ಅಂತ ಗೊತ್ತಾದಾಗ ನಂಗೆ ಮೊದಲು ಬಂದದ್ದು ಸಿಟ್ಟಲ್ಲ. ಅಳೂನೂ ಅಲ್ಲ. ನೆಮ್ಮದಿ ಆಯ್ತು. ಸರಿ ಬಿಡು, ಇನ್ನೂ ಕೆಲವು ವರ್ಷ ನನ್ನ ಪಾಡಿಗೆ ನಾನಿರಬಹುದು, ಯಾರಿಗೂ ಜಾಗ ಮಾಡಿಕೊಡೋದು ಬೇಡ ಅಂತ ಅನ್ನಿಸ್ತು. ಒಂದು ಕ್ಷಣ. ಅದಕ್ಕೇ ಇಷ್ಟು ದಿನ ಕೇಳಲಿಲ್ಲ. ಯಾವ ಮುಖ ಇಟ್ಕೊಂಡು ನಿಮ್ಮನ್ನ ಬೈಯಲಿ?"

ಅಣ್ಣ ಅವಳ ಕಡೆ ನೋಡಿದ. 

"ಆ ನೆಮ್ಮದಿ ನಂಗೆ ಬೇಡ," ಎಂದಳು ಅತ್ತಿಗೆ. "ಗಂಡ ದೂರ ಹೋದ ಅಂತ ಹಾಯಾಗಿ ಉಸಿರು ಬಿಡೋ ಹೆಂಗಸಾಗಿ ಮುದುಕಿ ಆಗೋಕೆ ನಂಗಿಷ್ಟ ಇಲ್ಲ. ಹೆಸರು ವಾಪಸ್ ತಗೊಳ್ಳಿ. ಬಂದು ಅಡ್ಡ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ನಿಂತ್ರೂ ಪರವಾಗಿಲ್ಲ."

ನಾನು ಮುಂದಿದ್ದ ಬಟ್ಟೆಯನ್ನು ಹೊಲಿಯುವ ನಾಟಕ ಮಾಡಿ ಜೇಬನ್ನು ತಲೆಕೆಳಗಾಗಿ ಕೂರಿಸಿಬಿಟ್ಟೆ. ಅಣ್ಣ ಅಲ್ಲಿ ಕಣ್ಣೊರೆಸಿಕೊಂಡನೋ ಇಲ್ಲವೋ ನಾನು ನೋಡಲಿಲ್ಲ. ಅವನು ಅಂಗಿ ಬದಲಿಸಿ, ಇವತ್ತೇ ಹೋಗಿ ಬರುತ್ತೇನೆ ಎಂದು ಕ್ಯಾಂಪಿನ ಆಫೀಸಿಗೆ ಹೊರಟ. ಅಂಗಿಗಳು ಮೊದಲೇ ಸಿದ್ಧವಾದರೂ ಎಲ್ಲ ಕಡೆಯ ಹೆಸರುಗಳೂ ಆಮೇಲೆ ಆ ಆಫೀಸಿನಿಂದಲೇ ಮೇಲಕ್ಕೆ ಹೋಗುವುದು. ಹೋಗುವಾಗ ಅವನ ನಡಿಗೆಯಲ್ಲಿ ಹುಡುಗನ ಅವಸರವಿತ್ತು. ಅತ್ತಿಗೆ ಬಾಗಿಲವರೆಗೂ ಹೋಗಿ ನಿಂತಳು. ನಾನು ಅವಳ ಮುಖ ನೋಡಿದೆ. ಎಷ್ಟೋ ವರ್ಷದಿಂದ ಆ ಮುಖದಲ್ಲಿ ಕಾಣದ್ದು ಏನೋ ಇತ್ತು. ಕೆಲಸದ ನಡುವೆ ಎದ್ದು ಹೋಗಿ ತಲೆ ಬಾಚಿಕೊಂಡು ಬಂದಳು. ನಾನು ಛೇಡಿಸಲಿಲ್ಲ.

ಅವನು ಸಂಜೆಗೆ ವಾಪಸು ಬಂದ. ದೂರದಿಂದಲೇ ನಡಿಗೆ ನೋಡಿ ಗೊತ್ತಾಯಿತು. ಒಳಗೆ ಬಂದು ಗಿರಾಕಿಯ ಸ್ಟೂಲಿನ ಮೇಲೆ ಕೂತ, ಆ ದಿನ ಯಾರೂ ಅವನನ್ನು ಏಳಿಸಲಿಲ್ಲ.

"ಹೆಸರುಗಳು ಮೇಲಿನವರ ಸಹಿಗೆ ಹೋಗಿಬಿಟ್ಟಿವೆ. ಇನ್ನು ತೆಗೆಯೋಕೆ ಆಗಲ್ಲ." ಚಪ್ಪಲಿ ಬಿಚ್ಚುತ್ತ ಹೇಳಿದ. "ಹೋದ ವಾರ ಬಂದಿದ್ರೆ ಆಗ್ತಿತ್ತಂತೆ."

ಹೋದ ವಾರ ಅವನು ಇದೇ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಅವಳು ಗುಂಡಿ ಹಾಕುತ್ತಿದ್ದಳು. ನಾನು ಇಬ್ಬರನ್ನೂ ಮನಸ್ಸಿನಲ್ಲೇ ಶಪಿಸುತ್ತ ಕೂತಿದ್ದೆ. ಮೂವರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಆ ಸಂಜೆ ನಾವು ಯಾರೂ ಯಾರನ್ನೂ ದೂರಲಿಲ್ಲ, ದೂರಲು ಏನೂ ಉಳಿದಿರಲಿಲ್ಲ. ಗುಬ್ಬಿಗೆ ಹೇಳುವ ಕೆಲಸ ಅಣ್ಣನೇ ಮಾಡಿದ. ಮೇಲಿನ ಕೋಣೆಯಿಂದ ಅವಳ ಅಳು ಕೆಳಗೆ ಕೇಳಿಸಿತು. ಅತ್ತಿಗೆ ಮೆಟ್ಟಿಲು ಹತ್ತಲು ಹೋಗಿ ನಿಂತಳು. ಅವರಪ್ಪ ಇದ್ದಾರಲ್ಲ ಎಂದು ಹೇಳಿ ವಾಪಸು ಬಂದು ಕೂತಳು. ಅಳು ನಿಲ್ಲಲು ಬಹಳ ಹೊತ್ತು ಹಿಡಿಯಿತು, ಆದರೆ ನಿಂತಿತು.

ಉಳಿದ ರಜೆಯ ದಿನಗಳನ್ನು ನಾನು ವರ್ಣಿಸುವುದಿಲ್ಲ. ಇಬ್ಬರೂ ಮಾತಾಡಿದರು, ಅಷ್ಟು ಹೇಳಿದರೆ ಸಾಕು. ಕೆಲಸದ ಮಧ್ಯೆ, ಊಟದ ಮಧ್ಯೆ, ಬೀದಿಯಲ್ಲಿ ನಡೆಯುವಾಗ ಮಾತಾಡಿದರು. ಒಂದು ದಿನ ಅಣ್ಣ ಕತ್ತರಿಸಿದ ಬಟ್ಟೆ ಅಳತೆ ತಪ್ಪಿ ಅತ್ತಿಗೆ ಅವನ ಮೇಲೆ ಸಿಡುಕಿದಳು, ಅವನೂ ತಿರುಗಿ ಸಿಡುಕಿದ. ಸಾಲದ್ದಕ್ಕೆ ನನ್ನನ್ನು ನ್ಯಾಯಕ್ಕೆ ಕರೆದರು. ನಾನು ಇಬ್ಬರಿಗೂ ಬೈದೆ. ಮನೆ ಎಂದರೆ ಹೀಗಿರುತ್ತದಲ್ಲವೇ ಎಂದು ಅಣ್ಣ ನಕ್ಕ, ಹಿಂದಿನ ರಜೆಯ ಆ ನಗೆಯಲ್ಲ ಅದು.

ಹೊರಡುವ ದಿನ ಬಂತು. ಹಿಂದೆಲ್ಲ ಅಣ್ಣ ಹೊರಡುವಾಗ ಅತ್ತಿಗೆ ಮಿಷನ್ನು ಬಿಟ್ಟು ಏಳುತ್ತಿರಲಿಲ್ಲ. ಕಾಲು ಮಿಷನ್ನಿನ ಪೆಡಲಿನ ಮೇಲೆ ಇಟ್ಟುಕೊಂಡೇ, ಹುಷಾರು, ಹೋದ ಕೂಡಲೇ ಫೋನ್ ಮಾಡಿ ಎನ್ನುತ್ತಿದ್ದಳು. ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ಹೊಲಿಗೆಯ ಸದ್ದು ಕೇಳುತ್ತಿತ್ತು. ಗಟ್ಟಿ ಹೆಂಗಸು ಎಂದು ಬೀದಿಯವರು ಮೆಚ್ಚುತ್ತಿದ್ದರು, ನಾನೂ ಮೆಚ್ಚಿದ್ದೆ. ಈ ಸಲ ಅವಳು ನಡು ಹಗಲಲ್ಲಿ ಅಂಗಡಿಯ ಬಾಗಿಲು ಎಳೆದಳು. ಶಾಲೆಯವರು ಬಟ್ಟೆಗೆಂದು ಆ ಹೊತ್ತಿಗೇ ಬರುವವರಿದ್ದರು. ಬರಲಿ, ನಿಲ್ಲಲಿ ಎಂದಳು. ನಾಲ್ವರೂ ಬಸ್ ನಿಲ್ದಾಣಕ್ಕೆ ನಡೆದೆವು. ಗುಬ್ಬಿ ಅಪ್ಪನ ಚೀಲದ ಒಂದು ಕಿವಿ ಹಿಡಿದಿದ್ದಳು.

ಬಸ್ಸು ಹತ್ತುವ ಮೊದಲು ಅಣ್ಣ ನನ್ನ ಕಡೆ ತಿರುಗಿ, ನಿನ್ನ ಅತ್ತಿಗೇನ ನೋಡ್ಕೋ ಎಂದ. ಹ್ಞೂಂ, ಅವಳೇ ನನ್ನ ನೋಡ್ಕೊಳ್ಳೋದು, ಹೋಗು ಮಾರಾಯ ಎಂದೆ. ಅವನು ಅತ್ತಿಗೆಯ ಎದುರು ನಿಂತ. ಅವಳು ಅವನ ಅಂಗಿಯ ಎಡತೋಳಿನ ತುದಿಯನ್ನು ಸುಮ್ಮನೆ ಎಳೆದು ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. ಬಸ್ಸು ಹೊರಟಿತು. ಅವನು ಕಿಟಕಿಯಿಂದ ಕೈ ಬೀಸುತ್ತಿದ್ದ, ಬಸ್ಸು ಮರೆಯಾಗುವವರೆಗೂ ಬೀಸುತ್ತಿದ್ದ.

ನಾವು ವಾಪಸು ತಿರುಗಲಿಲ್ಲ. ಅತ್ತಿಗೆ ಅಲ್ಲೇ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಓಡಾಡುವ ಜನ ನಿಂತು ನೋಡಿದರು. ಗುಬ್ಬಿ ಹೆದರಿ ಅವಳ ತೊಡೆಗೆ ಒರಗಿದಳು. ನಾನು ಅವಳನ್ನು ಹಿಂದೆಂದೂ ಹೀಗೆ ಕಂಡಿರಲಿಲ್ಲ, ಏನು ಮಾಡಬೇಕೆಂದು ತೋಚದೆ ಬೆನ್ನ ಮೇಲೆ ಕೈಯಿಟ್ಟು, ತುಂಬಾ ನೋವಾಗ್ತಿದೆಯಾ ಅತ್ತಿಗೆ ಎಂದು ಕೇಳಿದೆ.

ಅವಳು ಮುಖದಿಂದ ಕೈ ತೆಗೆದಳು. ಕಣ್ಣು ಮೂಗು ಎಲ್ಲ ಒದ್ದೆಯಾಗಿತ್ತು.

"ಆಗ್ತಿದೆ ಕಣೇ," ಎಂದಳು. "ಸದ್ಯ, ಈ ಸಲ ನೆಮ್ಮದಿ ಆಗಲಿಲ್ಲ."